ಬೈಗುಳವಿಲ್ಲದ ಬೆಳಗು

ಬೆಳಗ್ಗೆಯಿಂದ ಗಂಡ ಒಂದು ಸಲವೂ ಬೈದಿರಲಿಲ್ಲ. ಹೆಂಡತಿಗೆ ಅನುಮಾನ ಹುಟ್ಟಿದ್ದೇ ಅಲ್ಲಿ.

ಬಸ್ಸು ಓಡಿಸುವ ಈ ಮಹಾಶಯ ಕಾಫಿ ತಡವಾದರೆ ಗೋಡೆಯ ಜೊತೆಗೂ ಜಗಳಕ್ಕೆ ನಿಲ್ಲುವ ಆಸಾಮಿ. ಹೃದಯಾಘಾತದಿಂದ ಚೇತರಿಸಿಕೊಂಡ ಮೇಲೆ ಇವತ್ತು ಸ್ಕ್ಯಾನ್. ಅದಕ್ಕಾಗಿ ನಿನ್ನೆಯಿಂದಲೇ ಕಾಫಿ, ಟೀ ಬಂದ್. ಆದರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವಳ ಜಡೆಯನ್ನು ಹೊಗಳುತ್ತಿದ್ದ. ಮದುವೆಯಾದಾಗಿನಿಂದ ಆ ಜಡೆ ಅವನ ಕಣ್ಣಿಗೆ ಬಿದ್ದದ್ದೇ ಇಲ್ಲ.

"ಬಾಯಲ್ಲಿ ಏನ್ರೀ ಅದು?"

"ಲವಂಗ ಕಣೆ. ಹಲ್ಲುನೋವು."

ನಿನ್ನೆಯವರೆಗೆ ಇಲ್ಲದ ಹಲ್ಲುನೋವು.

ಹಿಂದಿನ ವಾರ ಸ್ಕ್ಯಾನ್ ಕೋಣೆಯ ಟೆಕ್ನಿಷಿಯನ್ ಬಿಡಿಸಿ ಹೇಳಿದ್ದಳು: "ಮೊದಲು ಹೃದಯದ ರಕ್ತನಾಳ ಅಗಲ ಮಾಡೋ ಔಷಧಿ ಕೊಡ್ತೀವಿ. ಆಮೇಲೆ ಸ್ವಲ್ಪ ವಿಕಿರಣ ಇರೋ ಇಂಜೆಕ್ಷನ್. ರಕ್ತ ಹೋದ ಕಡೆಯೆಲ್ಲ ಕ್ಯಾಮೆರಾದಲ್ಲಿ ಬೆಳಗತ್ತೆ. ಕಾಫಿ ಕುಡಿದ್ರೆ ಔಷಧಿ ಸರಿಯಾಗಿ ಕೆಲಸ ಮಾಡಲ್ಲ."

"ಕುಡಿದ್ರೆ ಏನಾಗತ್ತೆ?" ಎಂದು ಗಂಡ ಕೇಳಿದ್ದ.

"ರಕ್ತ ಸಾಲದ ಜಾಗನೂ ಚೆನ್ನಾಗಿರೋ ಹಾಗೆ ಕಾಣಬಹುದು. ನಾವು ಮೋಸ ಹೋಗ್ತೀವಿ."

ಅವನು ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದ. ಸ್ಕ್ಯಾನಿನಲ್ಲಿ ಹೃದಯದ ದೋಷ ಕಂಡರೆ ಬಸ್ಸಿನ ಸ್ಟೀರಿಂಗ್ ಕೈತಪ್ಪುತ್ತದೆಂದು ಅವನಿಗೆ ಗೊತ್ತಿತ್ತು. ಇವತ್ತು ಬೆಳಗ್ಗೆ ಮಾತ್ರೆ ತರುತ್ತೇನೆಂದು ಹೋದವನು ಬರಿಗೈಯಲ್ಲಿ ಸಿಳ್ಳೆ ಹಾಕುತ್ತ ಬಂದಿದ್ದ.

ಸಂಜೆ ಡಾಕ್ಟರು ಪರದೆ ನೋಡಿದರು. "ಸತ್ತಿರೋ ಭಾಗ ಚಿಕ್ಕದು. ಉಳಿದದ್ದಕ್ಕೆ ರಕ್ತ ಚೆನ್ನಾಗಿ ಹೋಗ್ತಿದೆ. ಕೆಲಸಕ್ಕೆ ಹೋಗಬಹುದು," ಎಂದು ಪೆನ್ನು ತೆಗೆದರು.

ಗಂಡನ ಮುಖ ಊರಗಲವಾಯಿತು. ಅವಳಿಗೆ ಭಯವಾಯಿತು. ಹೇಳಿದರೆ ಗಂಡನ ಸಿಟ್ಟು, ಹೇಳದಿದ್ದರೆ ಗಂಡನೇ ಉಳಿಯುವುದು ಅನುಮಾನ. ಜೊತೆಗೆ ಬಸ್ಸಿನ ತುಂಬ ಜನ.

"ಡಾಕ್ಟ್ರೇ, ಇವರು ಕಾಫಿ ಕುಡಿದಿದ್ದಾರೆ."

"ನೀವು ನೋಡಿದ್ರಾ?"

"ಇಲ್ಲ. ಆದ್ರೆ ಬೆಳಗ್ಗೆಯಿಂದ ನನ್ನನ್ನ ಒಂದು ಸಲಾನೂ ಬೈದಿಲ್ಲ."

ಡಾಕ್ಟರು ನಕ್ಕರು. ಗಂಡ ನಗದೆ ತನ್ನ ಚಪ್ಪಲಿ ನೋಡುತ್ತ ಕೂತ. ಅದನ್ನು ಕಂಡ ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು.

ಮರುಪರೀಕ್ಷೆಯ ಹಿಂದಿನ ದಿನದಿಂದ ಅವಳು ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಅವನು ಬಾಗಿಲಿಗೆ ಬೈದ, ಚಪ್ಪಲಿಗೆ ಬೈದ, ಅವಳ ತವರಿನ ಏಳು ತಲೆಮಾರನ್ನೂ ಬಿಡಲಿಲ್ಲ.

ಈ ಸಲ ಪರದೆಯ ಮೇಲೆ ಹೃದಯದ ಮುಂಭಾಗ ಮಂಕಾಗಿತ್ತು.

"ಇದು ಸತ್ತಿಲ್ಲ, ರಕ್ತ ಸಾಲ್ತಿಲ್ಲ ಅಷ್ಟೆ. ಆಪರೇಷನ್ ಮಾಡಿ ಉಳಿಸ್ಕೋಬಹುದು," ಎಂದರು ಡಾಕ್ಟರು. "ಬಸ್ಸು ಮಾತ್ರ ಮರೆತುಬಿಡಿ."

ಹೊರಗೆ ಬಂದ ಮೇಲೆ ಗಂಡ ಬಾಯಿಬಿಟ್ಟ. "ನನ್ನ ಬಸ್ಸು ಕಿತ್ಕೊಂಡೆಯಲ್ಲೇ, ಪಾಪಿ."

ಅವಳಿಗೆ ಅಳು ಬಂತು. ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಬೈಯ್ರಿ," ಎಂದಳು. "ಇನ್ನೂ ಬೈಯ್ರಿ."