ಮೇಲಿನ ಬಾಗಿಲು

ನಾನು ಎರಡು ಬಾಗಿಲಿನ ಫ್ರಿಜ್. ಮೇಲೆ ಫ್ರೀಜರು, ಕೆಳಗೆ ತಂಪಿನ ಗೂಡು, ಬೆನ್ನಿಗೊಂದು ಮೋಟಾರು. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದವರು ಎರಡೂ ಬಾಗಿಲನ್ನು ಒಂದೇ ಮನೆಯವರು ತೆಗೆಯುತ್ತಾರೆಂದು ನಂಬಿದ್ದರು. ಪಾಪ, ಅವರಿಗೆ ಅರಸೀಕೆರೆಯ ನಮ್ಮ ಮನೆ ಗೊತ್ತಿರಲಿಲ್ಲ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ, ನಾನು ಸಾಧುವಲ್ಲ. ತಣ್ಣಗಿರುವವರೆಲ್ಲ ಶಾಂತಸ್ವಭಾವದವರು ಎಂದುಕೊಳ್ಳುವುದು ಜನರ ಭ್ರಮೆ. ನನಗೆ ಹಗೆ ಇದೆ, ಅದನ್ನು ಮರೆತೂ ಇಲ್ಲ.

ನನ್ನನ್ನು ಕೊಂಡು ತಂದವರು ಶಿವಗಂಗಮ್ಮ. ಆಕೆಗೆ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು. ಹಿರಿಸೊಸೆ ಕಾತ್ಯಾಯಿನಿ, ಕಿರಿಸೊಸೆ ಪುಷ್ಪಲತಾ. ಶಿವಗಂಗಮ್ಮ ಇರುವ ತನಕ ಮನೆಯಲ್ಲಿ ಒಂದೇ ಒಲೆ, ಒಂದೇ ಹಾಲಿನ ಪಾತ್ರೆ. ಆಕೆ ಕಣ್ಣು ಮುಚ್ಚಿದ ವರ್ಷವೇ ಮನೆ ಪಾಲಾಯಿತು. ಬೀರು ಒಬ್ಬರಿಗೆ, ಹಿತ್ತಾಳೆ ಹಂಡೆ ಇನ್ನೊಬ್ಬರಿಗೆ ಎಂದು ಸಲೀಸಾಗಿ ನಡೆದ ಪಂಚಾಯಿತಿ ನನ್ನ ಹತ್ತಿರ ಬಂದು ನಿಂತಿತು. ಸೊಸೆಯರಿಬ್ಬರೂ ಪಟ್ಟು ಬಿಡಲಿಲ್ಲ. ಕೊನೆಗೆ ನೆಂಟರಲ್ಲಿ ಹಿರಿಯರೊಬ್ಬರು ಬಾಯೊಳಗಿನ ಎಲೆಅಡಿಕೆ ಉಗುಳಿ ಬಂದು ತೀರ್ಪು ಕೊಟ್ಟರು.

"ಮೇಲಿನ ಬಾಗ್ಲು ದೊಡ್ಡೋಳ್ಗೆ, ಕೆಳಗಿಂದು ಚಿಕ್ಕೋಳ್ಗೆ. ಎರಡೂ ಮನೆಗೆ ಸೇರಿದ ಓಣೀಲಿ ನಿಲ್ಸಿ. ಒಬ್ರ ಬಾಗ್ಲು ಇನ್ನೊಬ್ರು ಮುಟ್ಟಂಗಿಲ್ಲ."

ಎಲ್ಲರೂ ತಲೆದೂಗಿದರು. ಬದುಕಿರುವ ಎಮ್ಮೆಯನ್ನು ಮುಂದಿನ ಕಾಲು ನಿನಗೆ, ಹಿಂದಿನ ಕಾಲು ನನಗೆ ಎಂದು ಹಂಚಿಕೊಂಡ ಹಾಗಾಯಿತು ನನ್ನ ಬಾಳು.

ಕೆಳಗಿನ ಗೂಡು ಸಿಕ್ಕಿದ್ದು ಪುಷ್ಪಲತಾಳ ಪಾಲಿಗೆ ವರವಾಯಿತು. ಅವಳು ಹೋಳಿಗೆ ಮಾಡಿಕೊಡುತ್ತಿದ್ದಳು. ಸಂಜೆಯೇ ಬೇಳೆ ಬೇಯಿಸಿ, ಬೆಲ್ಲ ಹಾಕಿ ರುಬ್ಬಿ, ಹೂರಣದ ಪಾತ್ರೆಗೆ ತೆಳುಬಟ್ಟೆ ಕಟ್ಟಿ ನನ್ನೊಳಗಿಡುವಳು. ಬೆಳಗ್ಗೆ ಅದನ್ನು ಕಣಕದಲ್ಲಿ ತುಂಬಿ ತಟ್ಟಿದರೆ ಎಲೆಯಷ್ಟು ತೆಳ್ಳಗೆ ಬರುತ್ತಿತ್ತು. ಊರಲ್ಲಿ ಅವಳಿಗೆ ಹೋಳಿಗೆ ಪುಷ್ಪಕ್ಕ ಎಂದೇ ಹೆಸರು. ಗಂಡನ ಹೆಸರಿನಿಂದಲ್ಲ, ಓರಗಿತ್ತಿಯ ಹೆಸರಿನಿಂದಲ್ಲ, ತನ್ನ ಕೈಯಿಂದ ಬಂದ ಹೆಸರು. ಅವಳ ಹತ್ತಿರ ಇದ್ದ ಸ್ವಂತ ಆಸ್ತಿ ಅದೊಂದೇ.

ಕಾತ್ಯಾಯಿನಿಗೆ ಅದನ್ನು ಸಹಿಸಲಾಗಲಿಲ್ಲ. ಆಯುಧಪೂಜೆಯ ದಿನ ಅವಳು ನನ್ನ ಮೇಲಿನ ಬಾಗಿಲಿಗೆ ಮಾತ್ರ ವಿಭೂತಿ ಬಳಿದು, ಕುಂಕುಮವಿಟ್ಟು, ಹೂ ಸಿಕ್ಕಿಸುವಳು. ಕುಂಕುಮ ಕೆಳಗಿನ ಬಾಗಿಲಿಗೆ ಇಳಿಯದ ಹಾಗೆ ಸೆರಗಿನಲ್ಲಿ ಒರೆಸಿಬಿಡುವಳು! ಆಮೇಲೆ ತನ್ನ ಬಾಗಿಲು ತೆರೆದು, "ವರ್ಷವಿಡೀ ತುಂಬಿರಲಿ ತಾಯಿ" ಎಂದು ಹಿಡಿ ತುಂಬ ಅಕ್ಷತೆಯನ್ನು ಫ್ರೀಜರಿನೊಳಕ್ಕೆ ಎರಚುವಳು.

ಫ್ರೀಜರಿನ ಹಿಂದಿನ ಗೋಡೆಯ ಬುಡದಲ್ಲಿ ಒಂದು ಸಣ್ಣ ತೂತಿದೆ. ಕಟ್ಟಿದ ಮಂಜು ಕರಗಿದಾಗ ನೀರು ಆ ತೂತಿನಿಂದ ಇಳಿದು, ನನ್ನ ಬೆನ್ನಿನ ಕೊಳವೆಯಲ್ಲಿ ಹರಿದು, ಅಡಿಯ ತಟ್ಟೆಗೆ ಬಿದ್ದು, ಮೋಟಾರಿನ ಕಾವಿಗೆ ಆರಿಹೋಗಬೇಕು. ಒಂದು ವರ್ಷದ ಅಕ್ಷತೆ ಹೋಗಿ ಆ ತೂತಿನಲ್ಲೇ ಕೂತಿತು. ಅಕ್ಕಿ ನೆನೆದು ಊದಿತು, ಅದರ ಮೇಲೆ ನೀರು ಹೆಪ್ಪುಗಟ್ಟಿತು. ದಾರಿ ಮುಚ್ಚಿದ ನೀರು ಫ್ರೀಜರಿನ ತಳದಲ್ಲಿ ಹಲಗೆಯಂತೆ ಗಟ್ಟಿಯಾಯಿತು. ಉಳಿದದ್ದು ಸಂದಿ ಹುಡುಕಿಕೊಂಡು ಕೆಳಗಿನ ಗೂಡಿಗೆ, ನೇರ ಹೂರಣದ ಮೇಲಕ್ಕೆ, ತೊಟ್ಟಿಕ್ಕತೊಡಗಿತು.

ತನ್ನ ಡಬ್ಬಗಳು ಐಸಿಗೆ ಅಂಟಿಕೊಂಡಾಗ ಕಾತ್ಯಾಯಿನಿ ಮೆಕ್ಯಾನಿಕ್ ಇನಾಯತ್‌ನನ್ನು ಕರೆಸಿದಳು. ಪುಷ್ಪಲತಾ ಅಂಗಡಿಗೆ ಹೋಗಿದ್ದಳು. ಅವನು ಟಾರ್ಚ್ ಬಿಟ್ಟು ನೋಡಿ, "ತೂತು ಕಟ್ಕೊಂಡದೆ ಅಮ್ಮಾ. ಬಿಸಿನೀರು ಹಾಕಿ ಬಿಡಿಸಿದ್ರೆ ಆಯ್ತು. ಇಲ್ದಿದ್ರೆ ಕೆಳಗಡೆಯವ್ರಿಗೆ ಸೋರ್ತಾನೇ ಇರ್ತದೆ" ಎಂದ.

ಕಾತ್ಯಾಯಿನಿ ಅಂಟಿದ ಡಬ್ಬಗಳನ್ನಷ್ಟೇ ಅವನಿಂದ ಕೀಳಿಸಿಕೊಂಡಳು. "ಇರ್ಲಿ ಬಿಡಪ್ಪ. ನನ್ ಕಡೆ ಏನೂ ಸೋರ್ತಿಲ್ವಲ್ಲ" ಎಂದು ಅವನನ್ನು ಕಳಿಸಿಬಿಟ್ಟಳು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರನ್ನು ಕಂಡಿದ್ದೇನೆ. ಇವಳಿಗೆ ಕೋಲೇ ಬೇಕಿರಲಿಲ್ಲ. ತನ್ನ ಹಗೆಗೆ ನನ್ನ ಮೈಯನ್ನೇ ಕೋಲು ಮಾಡಿಕೊಂಡಳು. ಅಂದೇ ನಾನು ಅವಳ ಮೇಲೆ ಹಲ್ಲು ಕಡಿದೆ. ನನ್ನ ಬಾಯಲ್ಲಿ ಮಾತಿದ್ದಿದ್ದರೆ ಓಣಿಯಲ್ಲೇ ಅವಳ ಮಾನ ಹರಾಜು ಹಾಕುತ್ತಿದ್ದೆ.

ಸೋರಿದ್ದರ ಫಲ ಒಂದು ನಿಶ್ಚಿತಾರ್ಥದ ಮನೆಯಲ್ಲಿ ಕಂಡಿತು. ನೀರು ಕುಡಿದ ಹೂರಣ ಕಣಕದಲ್ಲಿ ನಿಲ್ಲಲಿಲ್ಲ, ಹೋಳಿಗೆಗಳು ಕಾವಲಿಯ ಮೇಲೆ ಒಂದೊಂದಾಗಿ ಹರಿದವು. ಪಂಕ್ತಿಯಲ್ಲಿ ಕೂತ ಯಾರೋ, "ಇದೇನ್ರೀ, ಹೋಳಿಗೆ ಬದ್ಲು ಹರಕು ಬಟ್ಟೆ ಬಡಿಸ್ತಿದ್ದೀರಾ?" ಎಂದರಂತೆ. ಊರಿಗೆ ಅಷ್ಟು ಸಾಕಾಯಿತು. ಹೋಳಿಗೆ ಪುಷ್ಪಕ್ಕ ವಾರದೊಳಗೆ ಹರಕು ಹೋಳಿಗೆ ಪುಷ್ಪಕ್ಕ ಆದಳು. ಬರುತ್ತಿದ್ದವರು ಬೇರೆ ಬೀದಿಗೆ ತಿರುಗಿಕೊಂಡರು. ಅವಳು ನನ್ನ ಬಾಗಿಲು ತೆರೆದು, ಪಾತ್ರೆಯೊಳಗೆ ಬೀಳುವ ಹನಿಗಳನ್ನು ನೋಡುತ್ತಾ ಸುಮ್ಮನೆ ನಿಲ್ಲುತ್ತಿದ್ದಳು.

ನಿಂತು ನಿಂತು ಅವಳು ಒಂದು ತೀರ್ಮಾನಕ್ಕೆ ಬಂದಳು. "ಇವ್ಳೇ ನೀರ್ ಹುಯ್ತಿದ್ದಾಳೆ. ಬೇಕೂಂತ್ಲೇ ಹುಯ್ತಿದ್ದಾಳೆ" ಎಂದು ಹಲ್ಲು ಕಚ್ಚಿ ಹೇಳಿಕೊಂಡಳು. ಕಾತ್ಯಾಯಿನಿ ಹುಯ್ದಿರಲಿಲ್ಲ, ಬೀಳುವುದನ್ನು ಬಿಟ್ಟಿದ್ದಳು. ಎರಡಕ್ಕೂ ಎಷ್ಟು ದೂರ ಎಂಬುದನ್ನು ನೀವೇ ಅಳೆದುಕೊಳ್ಳಿ.

ಕಾತ್ಯಾಯಿನಿ ಬಸುರಿ ಮಗಳನ್ನು ನೋಡಲು ಕಡೂರಿಗೆ ಹೋದ ದಿನ ಪುಷ್ಪಲತಾ ಒಲೆಯ ಮೇಲೆ ನೀರಿಟ್ಟಳು. ಅದು ಕುದಿದ ಮೇಲೆ ಪಾತ್ರೆ ಹಿಡಿದು ಓಣಿಗೆ ಬಂದು, ಪಾಲಾದ ಮೇಲೆ ಮೊದಲ ಸಲ ಮೇಲಿನ ಬಾಗಿಲಿಗೆ ಕೈ ಹಾಕಿದಳು. ಒಳಗೆ ಕಾತ್ಯಾಯಿನಿ ಚಳಿಗಾಲದಿಂದ ಜೋಪಾನ ಮಾಡಿದ ಹಿತಕಿದ ಅವರೆಬೇಳೆ ಇತ್ತು. ಒಂದೊಂದೇ ಕಾಳಿನ ಸಿಪ್ಪೆ ಹಿಚುಕಿ ತೆಗೆದು, ಅಳಿಯ ಬಂದಾಗ ಸಾರು ಮಾಡಲೆಂದು ಬಚ್ಚಿಟ್ಟ ಬೇಳೆ.

"ನನ್ ಹೂರಣಕ್ಕೆ ನೀರು ಬಿಟ್ಯಲ್ಲ, ತಗೋ!" ಎಂದು ಪುಷ್ಪಲತಾ ಕುದಿಯುವ ನೀರನ್ನು ಅದರ ಮೇಲೆ ಸುರಿದಳು.

ನನ್ನ ಎಲುಬೆಲ್ಲ ಲಟಲಟ ಎಂದಿತು. ಆದರೂ ಸುರಿ ಮಗಳೇ, ಇನ್ನೂ ಸುರಿ ಎನ್ನಿಸಿತು! ಅವಳು ಎರಡನೇ ಪಾತ್ರೆಯನ್ನೂ ತಂದಳು. ಬೇಳೆ ಅರೆಬೆಂದು ಘಮಘಮಿಸಿತು. ತಳದ ಐಸು ಬಿರುಕುಬಿಟ್ಟು ಕರಗಿತು. ಆಮೇಲೆ ನನ್ನ ಗಂಟಲಿನಲ್ಲಿ ಗಳಕ್ ಎಂದು ಸದ್ದಾಗಿ, ತಿಂಗಳುಗಟ್ಟಲೆ ತಡೆದ ನೀರೆಲ್ಲ ಬೆನ್ನಿನ ಕೊಳವೆಯಲ್ಲಿ ಧುಮುಕಿತು. ಪುಷ್ಪಲತಾ ಬಗ್ಗಿ ಅಡಿಯ ತಟ್ಟೆ ಎಳೆದು ನೋಡಿದಳು. ತುಂಬಿದ ನೀರಿನಲ್ಲಿ ಊದಿದ, ಹಳದಿ ಹಳದಿ ಅಕ್ಕಿಕಾಳುಗಳಿದ್ದವು. ಅವಳು ಅಲ್ಲೇ ನೆಲದ ಮೇಲೆ ಕುಕ್ಕರಿಸಿದಳು. ಹಾಳು ಮಾಡಲು ಬಂದವಳು ರಿಪೇರಿ ಮಾಡಿಬಿಟ್ಟಿದ್ದಳು.

ಮರುದಿನ ಊರಿಂದ ಬಂದ ಕಾತ್ಯಾಯಿನಿ ಬಾಗಿಲು ತೆರೆದವಳೇ ಸೂರು ಹಾರಿಹೋಗುವಂತೆ ಕೂಗಿದಳು.

"ನನ್ ಬಾಗ್ಲು ಮುಟ್ಟೋಕೆ ಎಷ್ಟೇ ಧೈರ್ಯ ನಿಂಗೆ?"

"ಅಕ್ಷತೆ ಹೋಗಿ ತೂತು ಕಟ್ಕೊಂಡಿತ್ತು. ಬಿಸಿನೀರು ಹುಯ್ದೆ, ಬಿಟ್ಕೊಳ್ತು" ಎಂದಳು ಪುಷ್ಪಲತಾ. ದನಿಯಲ್ಲಿ ಅಳುಕಿತ್ತು. ಓರಗಿತ್ತಿಯ ಮೇಲೆ ಸುಮ್ಮನೆ ಅನುಮಾನಪಟ್ಟೆನೇನೋ ಎಂದು ಅವಳಿಗೆ ಇಡೀ ದಿನ ಕೊರೆಯುತ್ತಿತ್ತು.

"ತೂತು ಕಟ್ಟಿದೆ ಅಂತ ಇನಾಯತ್ ಯುಗಾದಿಗ್ ಮುಂಚೇನೇ ಹೇಳಿದ್ದ! ಅದನ್ನ ಬಿಡ್ಸು ಅಂತ ನಿನ್ನ ಯಾರೇ ಕರೆದ್ರು?"

ಕೋಪದಲ್ಲಿ ಬಾಯಿಗೆ ಬಾಗಿಲಿರುವುದಿಲ್ಲ. ಅಂದುಬಿಟ್ಟ ಮೇಲೆ ಕಾತ್ಯಾಯಿನಿ ಸೆರಗು ಬಾಯಿಗೊತ್ತಿಕೊಂಡಳು, ಆದರೆ ಮಾತು ಆಡಿಯಾಗಿತ್ತು.

"ಗೊತ್ತಿತ್ತಾ ಅಕ್ಕ ನಿಂಗೆ?" ಎಂದಳು ಪುಷ್ಪಲತಾ. "ಗೊತ್ತಿದ್ದೂ ನೋಡ್ತಾ ಕೂತಿದ್ಯಾ?"

ಕಾತ್ಯಾಯಿನಿ ಫ್ರೀಜರಿನ ಬಾಗಿಲು ದಡಾರನೆ ಹಾಕಿ ಒಳಗೆ ಹೋದಳು. ಪುಷ್ಪಲತಾಳ ಅಳುಕು ಅಲ್ಲಿಗೆ ಮುಗಿಯಿತು.

ಹೂರಣಕ್ಕೆ ನೀರು ಬೀಳುವುದು ನಿಂತಿತು, ಹೋಳಿಗೆ ಎಲೆಯಂತಾಯಿತು, ಹೆಸರು ತಡವಾಗಿಯಾದರೂ ಮರಳಿತು. ಕಾತ್ಯಾಯಿನಿಯ ಮಗಳ ಸೀಮಂತ ಗೊತ್ತಾದಾಗ, ಎಲ್ಲೋ ಆ ಹೋಳಿಗೆ ತಿಂದಿದ್ದ ಬೀಗಿತ್ತಿ ಹಟ ಹಿಡಿದರು. ಹೋಳಿಗೆ ಪುಷ್ಪಕ್ಕನದೇ ಆಗಬೇಕು, ಅದೂ ಅವಳು ನಿಮ್ಮ ಸ್ವಂತ ಓರಗಿತ್ತಿಯಂತೆ, ಇನ್ನೇನು ಕಷ್ಟ ಎಂದರು. ಮಗಳ ಅತ್ತೆಯ ಮಾತು ಮೀರುವಂತಿರಲಿಲ್ಲ. ಕಾತ್ಯಾಯಿನಿ ಓಣಿಗೆ ಬಂದು, ನನ್ನನ್ನೇ ನೋಡುತ್ತಾ, ಕೇಳಲಾರದೆ ಕೇಳಿದಳು.

ಪುಷ್ಪಲತಾ ಸಿಟ್ಟಾಗಲಿಲ್ಲ. "ಮಾಡ್ಕೊಡ್ತೀನಿ ಅಕ್ಕ. ಅಷ್ಟೊಂದು ಜನಕ್ಕೆ ಹೂರಣ ಇಡೋಕೆ ಕೆಳಗಡೆ ಜಾಗ ಸಾಲ್ದು. ಮೇಲಿನ ಬಾಗ್ಲು ಬಿಟ್ಕೊಡು."

"ಎಷ್ಟ್ ದಿನಕ್ಕೆ?"

"ಪೂರ್ತಿ."

ಕಾತ್ಯಾಯಿನಿ ತನ್ನ ಕೈಯಾರೆ ಡಬ್ಬಗಳನ್ನು ತೆಗೆದು ಮಡಿಲಿಗೆ ಹಾಕಿಕೊಂಡಳು. ಫ್ರೀಜರು ಖಾಲಿಯಾಯಿತು. ಮಾಡಿದ್ದುಣ್ಣೋ ಮಹಾರಾಯ ಎಂಬುದನ್ನು ಕಣ್ಣಾರೆ ಕಂಡೆ, ಹೊಟ್ಟೆ ತುಂಬಿತು. ಸೀಮಂತದ ದಿನ ಅವಳು ಎರಡನೇ ಹೋಳಿಗೆಯನ್ನೂ ಹಾಕಿಸಿಕೊಂಡಳಂತೆ.

ಈಗ ನನಗೆ ವಯಸ್ಸಾಗಿದೆ. ಬಾಗಿಲಿನ ರಬ್ಬರು ಸಡಿಲ, ಮೋಟಾರಿಗೆ ಗೂರಲು. ಗುಜರಿಗೆ ಹಾಕೋಣ ಎಂದು ಪುಷ್ಪಲತಾಳ ಗಂಡ ಹೇಳಿದಾಗಲೆಲ್ಲ ಅವಳು ಗದರುತ್ತಾಳೆ. ಸೇಡು ಒಳ್ಳೆಯದಲ್ಲ ಎಂದು ದೊಡ್ಡವರು ಹೇಳುತ್ತಾರೆ. ಅವರ ಹೂರಣಕ್ಕೆ ಯಾರೂ ನೀರು ಬಿಟ್ಟಿರಲಿಕ್ಕಿಲ್ಲ.

ಕಾತ್ಯಾಯಿನಿ ಬೇರೆ ಫ್ರಿಜ್ ಕೊಳ್ಳಲೇ ಇಲ್ಲ. ಕೊಂಡರೆ ಸೋತೆನೆಂದು ಒಪ್ಪಿಕೊಂಡಂತೆ. ಮಡಕೆ ನೀರೇ ಮೈಗೆ ಒಳ್ಳೆಯದು ಎಂದು ಸಾರಿಕೊಂಡು ತಿರುಗುತ್ತಾಳೆ. ಏಪ್ರಿಲ್ ಬಿಸಿಲಿಗೆ ಬೆವರು ಒರೆಸಿಕೊಳ್ಳುತ್ತಾ ಓಣಿಯಲ್ಲಿ ಹಾಯುವಾಗ ಹಳೆಯ ಅಭ್ಯಾಸಕ್ಕೆ ಅವಳ ಕೈ ಮೇಲಿನ ಬಾಗಿಲಿನ ಹಿಡಿಯವರೆಗೆ ಬರುತ್ತದೆ, ಅಲ್ಲೇ ನಿಲ್ಲುತ್ತದೆ. ಕೇಳಿದರೆ ಪುಷ್ಪಲತಾ ಒಂದು ತುಂಡು ಐಸು ಇಲ್ಲವೆನ್ನುವವಳಲ್ಲ. ಆದರೆ ಕೇಳಬೇಕಲ್ಲ!