ಮೂರು ವೋಟಿನ ಮನುಷ್ಯ

ಗುದ್ದಲಿ ಕಲ್ಲಿಗೆ ಬಡಿಯಿತು. ನ್ಯಗುಥೀ ಬೆವರೊರೆಸಿಕೊಂಡು ಮತ್ತೆ ಅಗೆದಳು. ಅಪ್ಪನ ಗುಂಡಿಯನ್ನು ಮಗಳೇ ತೋಡಬೇಕಾದ ಗತಿ ಶತ್ರುವಿಗೂ ಬೇಡ! ಊರ ಗಂಡಸರು ಬೇಲಿಯ ಬಳಿ ಕೈಕಟ್ಟಿ ನಿಂತಿದ್ದರು. ಹೆಣ ನೋಡಲು ಬಂದಿದ್ದರೇ ಹೊರತು ಹೊರಲು ಬಂದಿರಲಿಲ್ಲ.

"ಮೂರು ವೋಟು ಹಾಕಿದ ಗಾಕೆರೆ ದೊರೆ," ಎಂದ ಒಬ್ಬ, ಅವಳಿಗೆ ಕೇಳಲೆಂದೇ. "ನಮಗೆ ಒಂದಕ್ಕೂ ಗತಿಯಿಲ್ಲ. ಬಿಳಿಯರು ಸುಮ್‌ಸುಮ್ನೆ ಕೊಡ್ತಾರಾ?"

"ಇವನಿಗೆ ಬಿಳಿಯರ ಚೀಟಿ ಸಿಕ್ಕ ಮಾರನೇ ದಿನವೇ ಗಿಚೂಕೀನ ಹಿಡ್ಕೊಂಡು ಹೋದ್ರು. ನೀವೇ ಅರ್ಥ ಮಾಡ್ಕೊಳ್ಳಿ."

ಗಿಚೂಕಿಯ ತಾಯಿ ನ್ಜೋಕಿ ದೂರ ನಿಂತಿದ್ದಳು. ಅವಳ ಮಗ ಇನ್ನೂ ಬಿಳಿಯರ ಬಂಧನ ಕ್ಯಾಂಪಿನಿಂದ ಬಂದಿರಲಿಲ್ಲ.

ನ್ಯಗುಥೀಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅದೇ ಅನುಮಾನ ಅವಳನ್ನೂ ಒಳಗೊಳಗೇ ಕೊರೆಯುತ್ತಿತ್ತು. ಅಪ್ಪ ಬದುಕಿದ್ದಾಗ ಕೇಳಲು ಬಾಯಿ ಬರಲಿಲ್ಲ, ಇನ್ನು ಕೇಳುವುದು ಯಾರನ್ನು?

*

ಕೌನ್ಸಿಲ್ ಚುನಾವಣೆಯ ನಿಯಮ ಬಂದಾಗ ಅಪ್ಪ ಗಾಕೆರೆ ಹಿಗ್ಗಿ ಹೋಗಿದ್ದ. "ಓದಿಗೊಂದು, ಆಸ್ತಿಗೊಂದು, ವಯಸ್ಸಿಗೊಂದು. ಮೇಷ್ಟರಾಗಿದ್ದೆ, ಕಾಫಿ ಗಿಡ ಇದೆ, ತಲೆ ನೆರೆತಿದೆ. ಮೂರೂ ವೋಟು ನನ್ನವೇ!"

"ನಾವು ಕಿಕುಯು ಜನ ಅಪ್ಪ. ನಮಗೆ ನಿಷ್ಠೆಯ ಚೀಟಿ ಬೇರೆ ಬೇಕಂತೆ. ಬಿಳಿಯರ ವಿರುದ್ಧ ಕಾಡು ಸೇರಿದ ಹುಡುಗರಿಗೆ ಅನ್ನ ಹಾಕಿಲ್ಲ ಅಂತ ಸಮಿತಿ ಮುಂದೆ ಹೇಳ್ಬೇಕಂತೆ."

"ಹೇಳ್ತೀನಿ. ಕ್ಯಾಂಪಲ್ಲಿರೋ ಹುಡುಗರ ಪರ ಮಾತಾಡೋನು ಒಬ್ಬನಾದ್ರೂ ಕೌನ್ಸಿಲ್ಲಿಗೆ ಹೋಗ್ಬೇಕಲ್ಲ ಮಗಳೇ. ಅವನಿಗೆ ವೋಟು ಹಾಕೋರು ಯಾರು, ಮರಗಳಾ?"

ಹೋದವನು ಎರಡು ದಿನ ಬರಲಿಲ್ಲ. ಬಂದಾಗ ತುಟಿ ಬಿರಿದಿತ್ತು, ಜೇಬಿನಲ್ಲಿ ಚೀಟಿಯಿತ್ತು. ಆಮೇಲೆ ಅವನು ಹೆಂಡತಿ, ನ್ಯಗುಥೀಯ ತಾಯಿ ವಮೈಥಾಳ ಕೈಯಡುಗೆ ಮುಟ್ಟಲಿಲ್ಲ. ತಾನೇ ಗೆಣಸು ಬೇಯಿಸಿಕೊಂಡು ತಿನ್ನುತ್ತಿದ್ದ. ಪಾಪಪ್ರಜ್ಞೆ ಎಂದುಕೊಂಡಿದ್ದಳು ಮಗಳು.

*

ಊರ ಮುಖ್ಯಸ್ಥ ಮುರಿಯುಕಿ ಕೋಟು ತೊಟ್ಟು ಬಂದ. ಬಿಳಿಯರ ಸಮಿತಿಯಲ್ಲಿ ಕೂತವನು ಅವನೇ. ನ್ಯಗುಥೀ ಅಗೆಯುವುದನ್ನು ನಿಲ್ಲಿಸಿದಳು. ಇವನೊಬ್ಬ ಹೊಗಳಿಬಿಟ್ಟರೆ ಮುಗಿಯಿತು, ಅಪ್ಪನ ಹೆಸರು ಮಣ್ಣುಪಾಲು.

"ನಿಮ್ಮ ಪಿಸುಪಿಸು ನನಗೂ ಕೇಳ್ಸತ್ತೆ," ಎಂದ ಮುರಿಯುಕಿ. "ಸತ್ತೋನ ಮೇಲೆ ಸುಳ್ಳು ಅಪವಾದ ಯಾಕ್ರಯ್ಯಾ? ಎರಡು ದಿನ ಬಿಸಿಲಲ್ಲಿ ನಿಲ್ಲಿಸಿದ್ವಿ. ಕಾಡಿನವರಿಗೆ ಅನ್ನ ಹಾಕಿದ ಒಬ್ಬನ ಹೆಸರು ಹೇಳು, ಚೀಟಿ ತಗೊಂಡು ಮನೆಗೆ ಹೋಗು ಅಂದ್ವಿ. ಹಟಮಾರಿ ಮುದುಕ, ತುಟಿ ಪಿಟಕ್ಕನ್ನಲಿಲ್ಲ."

"ಮತ್ತೆ ಚೀಟಿ ಹೆಂಗೆ ಸಿಕ್ತು?" ನ್ಜೋಕಿ ಮುಂದೆ ಬಂದು ಕೇಳಿದಳು.

ಮುರಿಯುಕಿ ಗದ್ದವೆತ್ತಿ, ಅಗೆದ ಮಣ್ಣಿನ ಗುಡ್ಡೆಯ ಬಳಿ ನಿಂತಿದ್ದ ವಮೈಥಾಳನ್ನು ತೋರಿಸಿದ. "ಇವಳು ಬಂದ್ಳಲ್ಲ. ಗಂಡ ಸಾಯ್ತಾನೆ, ಬಿಡಿ ಅಂತ ಕಾಲಿಗೆ ಬಿದ್ಳು. ಗಿಚೂಕಿ ಹೆಸರು ಕೊಟ್ಟೋಳು ಇವಳೇ."

ಆಮೇಲೆ ಗಂಡಸರು ಒಬ್ಬೊಬ್ಬರಾಗಿ ಬೇಲಿ ಬಿಟ್ಟು ಬಂದರು. ಹೆಣ ಎತ್ತಿ ಮೆಲ್ಲಗೆ ಗುಂಡಿಗಿಳಿಸಿದರು. ಮೊದಲ ಹಿಡಿ ಮಣ್ಣು ಹಾಕಿದವಳು ನ್ಜೋಕಿ. ಎಲ್ಲರೂ ವಮೈಥಾಳಿಂದ ದೂರ ಸರಿದು ಗುಂಡಿಯ ಹತ್ತಿರ ಹೋದರು.

ಸಡಿಲ ಮಣ್ಣಿನಲ್ಲಿ ವಮೈಥಾಳ ಕಾಲು ಹೂತುಹೋಗಿತ್ತು.

"ಮಗಳೇ, ಒಂಚೂರು ಕೈ ಕೊಡೇ," ಎಂದು ತೋಳು ಚಾಚಿದಳು.

ನ್ಯಗುಥೀ ಬಗ್ಗಿ ಎರಡೂ ಕೈ ತುಂಬ ಮಣ್ಣು ತುಂಬಿಕೊಂಡು ಅಪ್ಪನ ಗುಂಡಿಯತ್ತ ತಿರುಗಿದಳು.