ಯಂಕಪ್ಪನವರ ಹವಳದ ಛತ್ರಿ

ಯಂಕಪ್ಪನವರ ಯಾವ ಅಂಗಿಯನ್ನು ನೋಡಿದರೂ ಬಲತೋಳಿನ ಮೊಣಕೈ ಹತ್ತಿರ ಉಪ್ಪಿನ ಬಿಳಿ ಗೆರೆಯೊಂದು ಇದ್ದೇ ಇರುತ್ತದೆ. ಮದುವೆಗೆ ಹೊರಟ ಇಸ್ತ್ರಿ ಅಂಗಿಯಾಗಲಿ, ಬ್ಯಾಂಕಿಗೆ ಹೊರಟ ಹಳೆಯ ಅಂಗಿಯಾಗಲಿ, ಹೊಸ್ತಿಲು ದಾಟುವ ಮೊದಲು ಗಾಜಿನ ತೊಟ್ಟಿಯೊಳಗೆ ಕೈಯಿಳಿಸಿ ಏನನ್ನೋ ಎಳ್ಳಷ್ಟು ಸರಿಸದೆ ಅವರ ಕಾಲು ಮುಂದೆ ಹೋಗುವುದಿಲ್ಲ. ತೋಳು ಮಡಚಬೇಕಿತ್ತೆಂಬುದು ನೀರು ಮೊಣಕೈ ಮುಟ್ಟಿದ ಮೇಲೆಯೇ ನೆನಪಾಗುತ್ತದೆ. ವೈಶಾಖದಲ್ಲಿ ಗೋಡೆಗೆ ಕೈಯಿಟ್ಟರೆ ಸುಡುವ ಕಲಬುರಗಿಯಲ್ಲಿ, ಖೂಬಾ ಪ್ಲಾಟಿನ ಬಾಡಿಗೆ ಮನೆಯ ಮೇಲಂತಸ್ತಿನಲ್ಲಿ, ಈ ಮನುಷ್ಯ ಹನ್ನೊಂದು ವರ್ಷ ಒಂದು ತುಣುಕು ಸಮುದ್ರವನ್ನು ಸಾಕಿದ್ದರು.

ವೃತ್ತಿಯಿಂದ ಅವರು ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದ ಅಟೆಂಡರ್. ಹನಿ ಎಣಿಸುವುದು, ಒಡೆಯಬಹುದಾದುದನ್ನು ಒಡೆಯದಂತೆ ಎತ್ತಿಡುವುದು ಅವರಿಗೆ ಮೂವತ್ತನಾಲ್ಕು ವರ್ಷಗಳ ಸಾಧನೆಯಿಂದ ಸಿದ್ಧಿಸಿದ್ದ ವಿದ್ಯೆ. ಕಡಲಜೀವಿಗಳನ್ನು ಸಾಕುವ ಹೈದರಾಬಾದಿನ ಹವ್ಯಾಸಿಯೊಬ್ಬರು ತಮ್ಮ ಮನೆಯಲ್ಲೇ ಬೆಳೆದ ಮೆದುಹವಳದ ಎರಡು ತುಂಡು ಕೊಟ್ಟಿದ್ದರು. ಮೆದುಹವಳವೆಂದರೆ ಉಂಗುರಕ್ಕೆ ಕೂಡಿಸುವ ಹವಳವಲ್ಲ. ಕಲ್ಲಿಗೆ ಪಾದವೂರಿ, ಅಣಬೆಯಂತೆ ತಲೆಯರಳಿಸಿ ನಿಲ್ಲುವ ಮಾಂಸಲ ಜೀವಿ. ಮೊದಲ ತುಂಡನ್ನು ಯಂಕಪ್ಪನವರು ಅಂಟು ಹಚ್ಚಿ ಕಲ್ಲಿಗೆ ಕೂಡಿಸಿದರು. ಅದು ಲೋಳೆ ಬಿಟ್ಟು ಕಳಚಿಕೊಂಡಿತು. ಮತ್ತೆ ಹಚ್ಚಿದರು, ಮತ್ತೆ ಕಳಚಿತು. ಮೂರನೆಯ ಸಲಕ್ಕೆ ಕರಗಿಯೇ ಹೋಯಿತು. “ಅವಸರ ನನಗಿತ್ತು, ಅದಕ್ಕಿದ್ದಿಲ್ಲರಿ. ನಾನೇ ಕೊಂದೆ” ಎಂದು ಬಹಳ ವರ್ಷಗಳ ಮೇಲೆಯೂ ಅವರು ನನ್ನೆದುರು ತಲೆ ತಗ್ಗಿಸಿ ಹೇಳಿಕೊಂಡದ್ದುಂಟು. ಅಂದಿನಿಂದ ಯಾರು ಏನೇ ಕೇಳಲಿ, ಅವರ ಮೊದಲ ಮಾತು ಒಂದೇ: “ಅವಸರ ಏನದ?”

ಎರಡನೆಯ ತುಂಡು ತಾನಾಗಿಯೇ ಬೇರೂರಿ ಊಟದ ತಾಟಿನಷ್ಟು ಅಗಲವಾಯಿತು. ಅದಕ್ಕವರು ಛತ್ರಿ ಎಂದು ಹೆಸರಿಟ್ಟರು. ಕರೆಂಟು ಹೋದರೆ ಇನ್ವರ್ಟರ್ ಛತ್ರಿಯ ಪಂಪಿಗೆ ಮಾತ್ರ. ಹೆಂಡತಿ ರಮಾಬಾಯಿ ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತ, “ನನಗೂ ಜೀವ ಅದರಿ” ಎಂದರೆ, “ನಿನಗ ಬಾಯಿ ಅದ, ಸೆಕಿ ಆಗ್ಯಾದಂತ ಹೇಳ್ತಿ. ಅದು ಯಾರಿಗಿ ಹೇಳಬೇಕು?” ಎಂಬ ಉತ್ತರ. ಈ ಹಟ ನ್ಯಾಯವಾದುದೆಂದು ನಾನೂ ಹೇಳಲಾರೆ.

ಹೋದ ವರ್ಷ ತೊಟ್ಟಿಯ ಭಾರಕ್ಕೆ ಕೆಳಮನೆಯ ಛಾವಣಿಯಲ್ಲಿ ಬಿರುಕು ಕಾಣಿಸಿತು. ಮನೆಯ ಮಾಲೀಕರು ಮೇಲೆ ಬಂದು, “ಕೆಳಗ ಮಕ್ಕಳು ಮಲಗ್ತಾವರಿ” ಎಂದಷ್ಟೇ ಹೇಳಿದರು. ಯಂಕಪ್ಪನವರು ವಾದಿಸದೆ ತೊಟ್ಟಿ ತೆಗೆಯಲು ಒಪ್ಪಿದರು. ಕಮಲಾಪುರದಲ್ಲಿ ಶಿಕ್ಷಕಿಯಾಗಿರುವ ಮಗಳು ಪಂಚಶೀಲಾ, “ಎಲ್ಲಾ ಇಲ್ಲಿಗೇ ತಗೊಂಡು ಬರ್ರಿ ಅಪ್ಪಾ, ನಮ್ಮದು ನೆಲದ ಮ್ಯಾಲಿನ ಮನಿ” ಎಂದು ಹೊಸ ತೊಟ್ಟಿಯನ್ನೇ ಕೂಡಿಸಿಟ್ಟಳು. ಮೀನು, ಸಣ್ಣ ಕಲ್ಲುಗಳು ಹೋದಾವು. ಆದರೆ ಛತ್ರಿಯ ಪಾದ ಹಬ್ಬಿದ್ದ ಬಂಡೆಯನ್ನು ಅವರು ಹಿಂದೆ ತಾವೇ ತೊಟ್ಟಿಯ ತಳಕ್ಕೆ ಕಚ್ಚಿಸಿಬಿಟ್ಟಿದ್ದರು. ಹನ್ನೊಂದು ವರ್ಷದ ಜೀವವನ್ನು ಬಂಡೆಯಿಂದ ಬಿಡಿಸದೆ ಗತಿಯಿರಲಿಲ್ಲ.

ಕೈಗವಸು ತೊಟ್ಟು, ತಮ್ಮ ಹಳೆಯ ಕಾಲೇಜಿನ ಗುರುತಿನ ಕಾರ್ಡಿನ ಅಂಚನ್ನು ಪಾದದ ಕೆಳಗೆ ಕೂದಲೆಳೆಯಷ್ಟು ನುಗ್ಗಿಸುವುದು, ಅದು ಮುದುಡಿದರೆ ನಿಲ್ಲಿಸಿ, ಸಡಿಲುವವರೆಗೆ ಕಾಯುವುದು, ಮತ್ತೆ ನುಗ್ಗಿಸುವುದು. ಹೀಗೆ ಎರಡು ದಿನ. ಕೊನೆಗೆ ಹುಣಸೆಬೀಜದಷ್ಟು ಮಾಂಸ ಹರಿದು ಬಂಡೆಯಲ್ಲೇ ಉಳಿಯಿತು. ಯಂಕಪ್ಪನವರು ನೀರೊಳಗಿನ ಕೈ ತೆಗೆಯದೆ ಕಣ್ಣು ಮುಚ್ಚಿ ನಿಂತುಬಿಟ್ಟರು.

ಆ ಸಂಜೆಯೇ ಅವರು ರೋಜಾ ಬಡಾವಣೆಯಲ್ಲಿ ಮದುವೆಯ ಮುಸುಕು ಹೊಲಿಯುವ ಶಫಿಯ ಅಂಗಡಿಗೆ ಹೋಗಿ ತೆಳುವಾದ ಜಾಳಿಗೆ ಬಟ್ಟೆ ಕೇಳಿದರು. “ಲಗ್ನ ಯಾರದರಿ ಸಾಬ್?” ಎಂದ ಶಫಿ. “ಕಲ್ಲಿಂದು” ಎಂದರು ಯಂಕಪ್ಪನವರು, ನಗದೆ.

ಮರುದಿನ ಬಿಸಿಲೇರುವ ಮೊದಲೇ ಟೆಂಪೊ ಹೊರಟಿತು. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಛತ್ರಿಯನ್ನಿಟ್ಟುಕೊಂಡು ಯಂಕಪ್ಪನವರು ಹಿಂದೆ ಕುಳಿತರು. ಮುಂದೆ ಕುಳಿತ ರಮಾಬಾಯಿ, ಹನ್ನೊಂದು ವರ್ಷ ಅದರ ಮೇಲೆ ಗೊಣಗಿದ ಅದೇ ರಮಾಬಾಯಿ, ದಾರಿಯುದ್ದಕ್ಕೂ ಡ್ರೈವರನಿಗೆ ಹೇಳಿದರು: “ಹಿಂದ ಬಾಣಂತಿ ಕುಂತಾಳಂತ ತಿಳಕೊಂಡು ನಡಸಪ್ಪ.”

ಕಮಲಾಪುರ ಮುಟ್ಟುವಷ್ಟರಲ್ಲಿ ತಾಟಿನಗಲದ ಛತ್ರಿ ಕುಗ್ಗಿ ಹಿಡಿಯಷ್ಟಾಗಿ, ಮೈಮೇಲೆ ಮೇಣದಂಥ ಪೊರೆ ಕಟ್ಟಿತ್ತು. ಈ ಸಲ ಅಂಟು ಹಚ್ಚದೆ, ಒರಟು ಚಪ್ಪಟೆ ಕಲ್ಲೊಂದರ ಮೇಲೆ ಅದನ್ನು ಕೂಡಿಸಿ, ಮೇಲೆ ಜಾಳಿಗೆ ಹೊದಿಸಿ, ದಾರವನ್ನು ಬಿಗಿಯದೆ ಸುತ್ತಿ, ಬೇರೆ ಟಬ್ಬಿನಲ್ಲಿ ಇಟ್ಟರು. ಕೊಳೆತರೆ ಉಳಿದ ಜೀವಗಳೂ ಸಾಯಬಾರದಲ್ಲ. ದಿನಾ ಬೆಳಿಗ್ಗೆ ನೀರು ಬದಲಿಸಿ, ಕೈಗವಸಿನ ಬೆರಳನ್ನು ಮೂಸಿ ನೋಡುವರು. ಕೊಳೆತ ವಾಸನೆಯಿಲ್ಲ, ಜೀವದ ಲಕ್ಷಣವೂ ಇಲ್ಲ. “ಅಪ್ಪಾ, ಸತ್ತದ ಅನ್ನಸ್ತದ. ಬಿಡ್ರಿ ಇನ್ನ” ಎಂದಳು ಪಂಚಶೀಲಾ, ಮೆಲ್ಲಗೆ.

ಹನ್ನೆರಡನೆಯ ದಿನ ಅವರೇ ಸೋತರು. ಟಬ್ಬನ್ನು ಹಿತ್ತಲಿಗೊಯ್ದು ಚೆಲ್ಲಲು ಬಗ್ಗಿದರು. ಬಾಗಿಲಲ್ಲಿ ರಮಾಬಾಯಿ ನಿಂತಿದ್ದರು.

“ವಾಸನಿ ಬಂದದೇನು?”

“ಇಲ್ಲ.”

“ಮತ್ತ ಅವಸರ ಏನದ?”

ಯಂಕಪ್ಪನವರು ಟಬ್ಬನ್ನು ಒಳಗೆ ತಂದಿಟ್ಟರು. ಹತ್ತೊಂಬತ್ತನೆಯ ದಿನ ಪೊರೆ ಈರುಳ್ಳಿಯ ಸಿಪ್ಪೆಯಂತೆ ಕಳಚಿತು. ಕಲ್ಲನ್ನು ಓರೆ ಮಾಡಿ ನೋಡಿದರು, ಛತ್ರಿ ಜಾರಲಿಲ್ಲ. ದಾರ ಕತ್ತರಿಸಿ, ಕಲ್ಲುಸಮೇತ ಹೊಸ ತೊಟ್ಟಿಗಿಳಿಸಿದ ಎರಡು ದಿನಕ್ಕೆ ಅದರ ತಲೆಯ ತುಂಬ ಹುಲ್ಲಿನ ಮೊಳಕೆಯಂಥ ಎಳೆಗಳು ಎದ್ದು ನೀರಿನ ಸೆಳೆತಕ್ಕೆ ತೂಗತೊಡಗಿದವು. ಯಂಕಪ್ಪನವರು ಯಾರನ್ನೂ ಕರೆಯಲಿಲ್ಲ. ಪಂಚಶೀಲಾ ಶಾಲೆಯಿಂದ ಬಂದಾಗ ಅಪ್ಪ, ಅವ್ವ ಇಬ್ಬರೂ ತೊಟ್ಟಿಯೆದುರು ಚಹಾ ಆರಿಸಿಕೊಂಡು ಕುಳಿತಿದ್ದರಂತೆ.

ಕಟ್ಟಿದವರ, ಗೆದ್ದವರ ಹೆಸರುಗಳು ಲೋಕದಲ್ಲಿ ಹೇಗೋ ಉಳಿದುಬಿಡುತ್ತವೆ. ಒಂದು ಜೀವ ತನ್ನ ಬಲದಿಂದಲೇ ಕಾಲೂರಲಿ ಎಂದು ಪಕ್ಕದಲ್ಲಿ ದಿನವೆಣಿಸುತ್ತ ಕೂತವರನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ತಾವೇನು ಮಾಡಿದೆವೆಂದು ಹೇಳಲು ಅವರಿಗೆ ತೋಚುವುದಿಲ್ಲ. ಆದರೂ ನೆಲೆ ತಪ್ಪಿದ್ದು ಯಾವುದೋ ಎಲ್ಲಿಯೋ ಮತ್ತೆ ನೆಲೆ ನಿಂತಿತೆಂದು ಕೇಳಿದಾಗ, ಅದರ ಹತ್ತಿರದಲ್ಲೇ ಇಂಥವರೊಬ್ಬರು ಕೈ ಒರಸಿಕೊಳ್ಳುತ್ತ ನಿಂತಿರಬೇಕೆಂದು ನಾನು ಧೈರ್ಯವಾಗಿ ನಂಬುತ್ತೇನೆ.